ಉಲ್ಲೇಖದ ಲೆಕ್ಕದಲ್ಲಿ ವಿಜ್ಞಾನಿಯ ಬೆಲೆ ಸಿಗುತ್ತದೆಯೇ?

ಈಚಿನ ಕೆಲವು ವರ್ಷಗಳಿಂದ ಸೆಪ್ಟೆಂಬರ್ ಹೊತ್ತಿಗೆ ನಮ್ಮ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದೇ ಬಗೆಯ ಸುದ್ದಿ ಸಾಲುಗಟ್ಟಿ ಬರುತ್ತದೆ: ಇಂಥ ವಿಶ್ವವಿದ್ಯಾಲಯದ ಇಷ್ಟು ಮಂದಿ ಪ್ರಾಧ್ಯಾಪಕರು ವಿಶ್ವದ ಶೇ 2ರಷ್ಟು ಅಗ್ರ ವಿಜ್ಞಾನಿಗಳ ಪಟ್ಟಿಯಲ್ಲಿ ಸ್ಥಾನ ಪಡೆದಿದ್ದಾರೆ. ಕುಲಪತಿಗಳು ಅಭಿನಂದಿಸುತ್ತಾರೆ, ಆಡಳಿತ ಮಂಡಳಿ ಫ್ಲೆಕ್ಸ್ ಕಟ್ಟಿಸುತ್ತದೆ, ಪ್ರವೇಶಾತಿಯ ಜಾಹೀರಾತಿನಲ್ಲಿ ಆ ಸಂಖ್ಯೆಯೂ ಸೇರಿಕೊಳ್ಳುತ್ತದೆ. ಈ ಪಟ್ಟಿಯ ಹಿಂದಿರುವುದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು 2019ರಲ್ಲಿ ಮೊದಲು ಪ್ರಕಟಿಸಿದ ಲೆಕ್ಕಾಚಾರ. ಒಬ್ಬ ಸಂಶೋಧಕರ ಪ್ರಬಂಧಗಳನ್ನು ಬೇರೆಯವರ ಪ್ರಬಂಧಗಳು ಎಷ್ಟು ಬಾರಿ ಉಲ್ಲೇಖಿಸಿವೆ ಎಂಬುದನ್ನು ಸ್ಕೋಪಸ್ ಎಂಬ ಡೇಟಾಬೇಸ್‌ನಿಂದ ಆರು ಬಗೆಯಲ್ಲಿ ಎಣಿಸಿ, ಆರನ್ನೂ ಸೇರಿಸಿ ಒಂದು ಅಂಕ ಮಾಡಿ, ಲಕ್ಷಾಂತರ ಜನರನ್ನು ಒಬ್ಬರ ಹಿಂದೆ ಒಬ್ಬರಂತೆ ನಿಲ್ಲಿಸುವ ಕೆಲಸ ಅದು. ಆ ಪಟ್ಟಿ ಸಿದ್ಧವಾಗುವ ಯಾವ ಹಂತದಲ್ಲೂ ಯಾರೂ ಯಾರ ಪ್ರಬಂಧವನ್ನೂ ಓದುವುದಿಲ್ಲ. ಪಟ್ಟಿ ಮಾಡಿದವರು ಇದನ್ನು ಮುಚ್ಚಿಟ್ಟೂ ಇಲ್ಲ. ಅದೇ ತಂಡ ಆಮೇಲೆ ಹಿಂಪಡೆಯಲಾದ ಪ್ರಬಂಧಗಳ ಮಾಹಿತಿಯನ್ನು ಪಟ್ಟಿಯ ಜೊತೆ ಜೋಡಿಸಿ ನೋಡಿದಾಗ, ಅಗ್ರರೆನಿಸಿಕೊಂಡವರಲ್ಲಿ ಶೇ 3ಕ್ಕಿಂತ ಹೆಚ್ಚು ಮಂದಿಗೆ ಕನಿಷ್ಠ ಒಂದು ಹಿಂಪಡೆದ ಪ್ರಬಂಧವಿರುವುದು ಕಂಡುಬಂತು.

ಅಭಿನಂದನೆಯ ಮಟ್ಟಿಗೆ ಇದ್ದಿದ್ದರೆ ಈ ಲೆಕ್ಕದಿಂದ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಇಂದು ನೇಮಕಾತಿ, ಬಡ್ತಿ, ಸಂಶೋಧನಾ ಅನುದಾನ, ಸಂಸ್ಥೆಗಳ ರ‍್ಯಾಂಕಿಂಗ್ ಇವೆಲ್ಲದರಲ್ಲೂ ಉಲ್ಲೇಖದ ಎಣಿಕೆ ಒಂದಲ್ಲ ಒಂದು ರೂಪದಲ್ಲಿ ಬಂದು ಕೂತಿದೆ. ಅದು ನಂಬಲರ್ಹವೇ ಎಂದು ಕೇಳಿದರೆ ಒಂದೇ ಮಾತಿನ ಉತ್ತರ ಸಿಗುವುದಿಲ್ಲ. ಸಾವಿರಾರು ಪ್ರಬಂಧಗಳ ದೊಡ್ಡ ಗುಂಪಿನ ಬಗ್ಗೆ ಅದು ಸಾಕಷ್ಟು ನಿಜ ಹೇಳುತ್ತದೆ. ಒಬ್ಬ ವ್ಯಕ್ತಿಯ ಬಗ್ಗೆ ಹೇಳುವುದು ತೀರಾ ಕಡಿಮೆ. ಆ ವ್ಯಕ್ತಿಯ ಅನ್ನ ಅದರ ಮೇಲೆ ನಿಂತಿತೆಂದರೆ, ಹೇಳುತ್ತಿದ್ದ ಅಷ್ಟಿಷ್ಟು ನಿಜವೂ ಕೆಡತೊಡಗುತ್ತದೆ. ಆದ್ದರಿಂದ ವಿಜ್ಞಾನಿಗಳಿಗೆ ಸ್ಥಾನ ಕೊಡುವ ಕೆಲಸದಿಂದ ಈ ಎಣಿಕೆಯನ್ನು ಬಿಡಿಸಿ, ಸ್ಥಾನ ಕೊಡುವವರ ನಡೆಯನ್ನು ಪರೀಕ್ಷಿಸುವ ಕೆಲಸಕ್ಕೆ ಹಚ್ಚಬೇಕು ಎಂಬುದು ಈ ಲೇಖನದ ವಾದ.

ಮೊದಲಿಗೆ ಈ ಉಪಕರಣ ಹುಟ್ಟಿದ ಉದ್ದೇಶವನ್ನು ನೋಡಬೇಕು. ಗ್ರಂಥಾಲಯದ ವ್ಯವಹಾರಗಳನ್ನು ಸಂಖ್ಯಾಶಾಸ್ತ್ರದ ಕಣ್ಣಿನಿಂದ ಅಭ್ಯಸಿಸಬೇಕೆಂದು 1948ರಲ್ಲೇ ಹೇಳಿದವರು ಎಸ್. ಆರ್. ರಂಗನಾಥನ್. ಮುಂದೆ 1962ರಲ್ಲಿ ಬೆಂಗಳೂರಿನಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದವರೂ ಅವರೇ. ಅಮೆರಿಕದ ಯುಜೀನ್ ಗಾರ್ಫೀಲ್ಡ್ 1955ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಉಲ್ಲೇಖಗಳ ಸೂಚಿಯ ಕಲ್ಪನೆಯನ್ನು ಮುಂದಿಟ್ಟಾಗ ಅವರ ಮನಸ್ಸಿನಲ್ಲಿದ್ದುದೂ ಗ್ರಂಥಾಲಯದ ಕೆಲಸವೇ. ಒಂದು ಹಳೆಯ ಪ್ರಬಂಧ ಕೈಯಲ್ಲಿದ್ದರೆ ಅದನ್ನು ಯಾರು ಮುಂದುವರಿಸಿದರು, ಯಾರು ತಿದ್ದಿದರು, ಯಾರು ಅಲ್ಲಗಳೆದರು ಎಂದು ಪತ್ತೆಹಚ್ಚುವ ದಾರಿ ಅವರಿಗೆ ಬೇಕಿತ್ತು. 1960ರ ದಶಕದ ಮೊದಲಲ್ಲಿ ಫಿಲಡೆಲ್ಫಿಯಾದ ಅವರ ಸಂಸ್ಥೆ ಹೊರತಂದ ಸೈನ್ಸ್ ಸೈಟೇಷನ್ ಇಂಡೆಕ್ಸ್ ಈ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಅದರಲ್ಲಿ ಯಾವ ಜರ್ನಲ್‌ಗಳನ್ನು ಸೇರಿಸಿಕೊಳ್ಳಬೇಕೆಂದು ಆರಿಸಲು ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ಸರಾಸರಿ ಹುಟ್ಟಿತು: ಹಿಂದಿನ ಎರಡು ವರ್ಷಗಳಲ್ಲಿ ಒಂದು ಜರ್ನಲ್‌ನಲ್ಲಿ ಬಂದ ಪ್ರಬಂಧಗಳಿಗೆ ಈ ವರ್ಷ ಸಿಕ್ಕ ಉಲ್ಲೇಖಗಳನ್ನು ಆ ಪ್ರಬಂಧಗಳ ಸಂಖ್ಯೆಯಿಂದ ಭಾಗಿಸಿದರೆ ಬರುವ ಅಂಕ. ಯಾವ ಜರ್ನಲ್‌ಗೆ ಚಂದಾ ಕಟ್ಟಬೇಕು ಎಂದು ತಲೆಕೆಡಿಸಿಕೊಂಡ ಗ್ರಂಥಪಾಲಕರಿಗೆ ಅದು ನೆರವಾಯಿತು. 2005ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೆಗೊ ಕೇಂದ್ರದ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಎಚ್-ಸೂಚ್ಯಂಕವನ್ನು ತಂದರು. ಅಲ್ಲಿಗೆ ಲೆಕ್ಕ ಜರ್ನಲ್ ಬಿಟ್ಟು ಮನುಷ್ಯನ ಮೇಲೆ ಬಂತು. ಕನಿಷ್ಠ 20 ಉಲ್ಲೇಖ ಪಡೆದ 20 ಪ್ರಬಂಧಗಳಿದ್ದರೆ ಸೂಚ್ಯಂಕ 20. ಇಷ್ಟು ಸರಳವಾದ್ದರಿಂದಲೇ ಅದು ನಾಲ್ಕಾರು ವರ್ಷಗಳಲ್ಲಿ ಲೋಕವೆಲ್ಲ ಹಬ್ಬಿತು. ಅದೇ ಹಿರ್ಶ್ 2020ರಲ್ಲಿ, ಈ ಸೂಚ್ಯಂಕ ಕೆಲವೊಮ್ಮೆ ತೀರಾ ಕೆಟ್ಟದಾಗಿ ಸೋಲುತ್ತದೆ, ತಾನು ಎಣಿಸದಿದ್ದ ದುಷ್ಪರಿಣಾಮಗಳನ್ನು ತಂದಿದೆ ಎಂದು ಬರೆದರು.

ಸೋಲುವುದು ಎಲ್ಲಿ? ಬುಡದಲ್ಲಿರುವುದು ಉಲ್ಲೇಖದ ಅರ್ಥದ ಪ್ರಶ್ನೆ. ಒಂದು ಪ್ರಬಂಧವನ್ನು ಇನ್ನೊಂದು ಉಲ್ಲೇಖಿಸಿದರೆ ಅದು ಮೆಚ್ಚುಗೆ ಎಂದು ಎಣಿಕೆ ಊಹಿಸಿಕೊಳ್ಳುತ್ತದೆ. ಆದರೆ ಇದುವರೆಗೆ ಅತಿ ಹೆಚ್ಚು ಉಲ್ಲೇಖ ಪಡೆದ ಪ್ರಬಂಧ, ದ್ರಾವಣದಲ್ಲಿರುವ ಪ್ರೋಟೀನಿನ ಪ್ರಮಾಣವನ್ನು ಅಳೆಯುವ ವಿಧಾನದ ಬಗ್ಗೆ ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಬರೆದದ್ದು. ಅದಕ್ಕೆ 3 ಲಕ್ಷಕ್ಕೂ ಮಿಕ್ಕಿ ಉಲ್ಲೇಖಗಳಿವೆ. ಜೀವವಿಜ್ಞಾನದ ದಿಕ್ಕನ್ನೇ ಬದಲಿಸಿದ, ಡಿಎನ್ಎಯ ಜೋಡಿಸುರುಳಿಯನ್ನು ವಿವರಿಸಿದ 1953ರ ವಾಟ್ಸನ್–ಕ್ರಿಕ್ ಪ್ರಬಂಧವಾದರೋ, 'ನೇಚರ್' ಪತ್ರಿಕೆ 2014ರಲ್ಲಿ ಮಾಡಿದ ಮೊದಲ 100 ಪ್ರಬಂಧಗಳ ಪಟ್ಟಿಯಲ್ಲಿ ಇರಲೇ ಇಲ್ಲ. ಲೌರಿಯವರ ವಿಧಾನ ಉಪಯುಕ್ತ ಎಂಬುದರಲ್ಲಿ ಎರಡು ಮಾತಿಲ್ಲ. ಪ್ರಯೋಗಾಲಯದಲ್ಲಿ ನಿತ್ಯ ಬಳಸುವ ವಿಧಾನವನ್ನು ನಿತ್ಯ ಉಲ್ಲೇಖಿಸುತ್ತಾರೆ. ಪಠ್ಯಪುಸ್ತಕ ಸೇರಿ ಎಲ್ಲರ ಸೊತ್ತಾದ ಸತ್ಯವನ್ನು ಯಾರೂ ಉಲ್ಲೇಖಿಸುವುದಿಲ್ಲ. ಇನ್ನೊಂದು ತುದಿಯಲ್ಲಿ, ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿದೆ ಎಂಬ ಸುಳ್ಳಿಗೆ ದಾರಿಮಾಡಿದ ಆಂಡ್ರ್ಯೂ ವೇಕ್‌ಫೀಲ್ಡ್ ಅವರ 1998ರ ಪ್ರಬಂಧವಿದೆ. 'ಲ್ಯಾನ್ಸೆಟ್' ಅದನ್ನು 2010ರಲ್ಲಿ ಹಿಂಪಡೆಯಿತು. ಅದಕ್ಕೂ ಸಾವಿರಕ್ಕಿಂತ ಹೆಚ್ಚು ಉಲ್ಲೇಖಗಳಿವೆ, ಅವುಗಳಲ್ಲಿ ಬಹುಪಾಲು ಅದು ತಪ್ಪೆಂದು ಹೇಳಲು ಬರೆದವು. ಎಣಿಸುವ ಯಂತ್ರಕ್ಕೆ ಹೊಗಳಿಕೆ, ಖಂಡನೆ, ವಾಡಿಕೆ, ದಾಕ್ಷಿಣ್ಯ ಎಲ್ಲವೂ ಒಂದೊಂದೇ ಅಂಕ.

ಎರಡನೆಯದು ಸರಾಸರಿಯ ದೋಷ. ಉಲ್ಲೇಖಗಳು ಪ್ರಬಂಧಗಳ ನಡುವೆ ಸಮನಾಗಿ ಹಂಚಿಹೋಗುವುದಿಲ್ಲ. ನಾರ್ವೆಯ ಪೆರ್ ಸೆಗ್ಲೆನ್ 1997ರಲ್ಲಿ ತೋರಿಸಿಕೊಟ್ಟಂತೆ, ಜರ್ನಲ್‌ನಲ್ಲಿ ಬರುವ ಪ್ರಬಂಧಗಳಲ್ಲಿ ಶೇ 15ರಷ್ಟು ಮಾತ್ರ ಒಟ್ಟು ಉಲ್ಲೇಖಗಳ ಅರ್ಧವನ್ನು ಬಾಚಿಕೊಳ್ಳುತ್ತವೆ. ಇದರ ಪರಿಣಾಮವನ್ನು ಕಣ್ಣೆದುರು ನಿಲ್ಲಿಸುವ ಪ್ರಸಂಗವೊಂದಿದೆ. ಸ್ಫಟಿಕವಿಜ್ಞಾನದ 'ಆಕ್ಟಾ ಕ್ರಿಸ್ಟಲೊಗ್ರಾಫಿಕಾ–ಎ' ಎಂಬ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ 2008ರಲ್ಲಿ 2.051 ಇತ್ತು. ಮರುವರ್ಷ ಅದು 49.926ಕ್ಕೆ ನೆಗೆದು, ಜಗತ್ತಿನ ಅತಿ ಪ್ರತಿಷ್ಠಿತ ಜರ್ನಲ್‌ಗಳನ್ನು ಹಿಂದೆ ಹಾಕಿತು. ಕಾರಣ ಒಂದೇ ಒಂದು ಪ್ರಬಂಧ. ಜರ್ಮನಿಯ ಜಾರ್ಜ್ ಶೆಲ್ಡ್ರಿಕ್ ತಾವು ರೂಪಿಸಿದ ಶೆಲ್‌ಎಕ್ಸ್ ಎಂಬ ಸಾಫ್ಟ್‌ವೇರ್‌ನ ಇತಿಹಾಸವನ್ನು 2008ರಲ್ಲಿ ಅಲ್ಲಿ ಬರೆದಿದ್ದರು. ಆ ಸಾಫ್ಟ್‌ವೇರ್ ಬಳಸುವವರು ಈ ಪ್ರಬಂಧವನ್ನೇ ಉಲ್ಲೇಖಿಸಬಹುದು ಎಂದು ಅದರ ಸಾರಾಂಶದಲ್ಲೇ ಸೂಚಿಸಿದ್ದರು. ಸ್ಫಟಿಕ ರಚನೆ ಬಿಡಿಸುವವರೆಲ್ಲ ಅದನ್ನೇ ಬಳಸುತ್ತಿದ್ದರಾದ್ದರಿಂದ 6,600ಕ್ಕೂ ಹೆಚ್ಚು ಉಲ್ಲೇಖಗಳು ಬಂದವು. ಆ ವರ್ಷ ಅದೇ ಜರ್ನಲ್‌ನಲ್ಲಿ ಎರಡನೆಯ ಸ್ಥಾನದಲ್ಲಿದ್ದ ಪ್ರಬಂಧಕ್ಕೆ ಸಿಕ್ಕಿದ್ದು 28. ಎರಡು ವರ್ಷಗಳ ಕಿಟಕಿ ದಾಟಿದ ಮೇಲೆ, 2011ರಲ್ಲಿ, ಅಂಕ ಮತ್ತೆ 2ರ ಆಸುಪಾಸಿಗೆ ಇಳಿಯಿತು. ನಡುವೆ ಅಲ್ಲಿ ಪ್ರಬಂಧ ಪ್ರಕಟಿಸಿದ ಬೇರೆ ಲೇಖಕರ ಕೆಲಸ ಇಪ್ಪತ್ತು ಪಟ್ಟು ಉತ್ತಮವೂ ಆಗಿರಲಿಲ್ಲ, ಆಮೇಲೆ ಕಳಪೆಯೂ ಆಗಲಿಲ್ಲ. ಜರ್ನಲ್‌ನ ಸರಾಸರಿಯಿಂದ ಒಬ್ಬ ಲೇಖಕರ ಯೋಗ್ಯತೆ ಅಳೆಯುವುದೆಂದರೆ ಜಿಲ್ಲೆಯ ಸರಾಸರಿ ಮಳೆ ನೋಡಿ ಒಂದು ಹೊಲದ ಹದ ಹೇಳಿದಂತೆ. ಆದರೂ ಅರ್ಜಿ ನಮೂನೆಗಳಲ್ಲಿ ಪ್ರತಿ ಪ್ರಬಂಧದ ಎದುರು ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ತುಂಬುವ ಕಾಲಂ ಉಳಿದೇ ಇದೆ.

ಜರ್ನಲ್‌ನ ಅಂಕ ಬೇಡ, ವ್ಯಕ್ತಿಯದೇ ಅಂಕ ನೋಡೋಣ ಎಂದರೆ ಎಚ್-ಸೂಚ್ಯಂಕದ ಒಳಗೇ ಒಂದು ಅಸಂಗತಿ ಕೂತಿದೆ. ಲೈಡನ್ ವಿಶ್ವವಿದ್ಯಾಲಯದ ಲೂಡೊ ವಾಲ್ಟ್‌ಮನ್ ಮತ್ತು ನೀಸ್ ಯಾನ್ ವಾನ್ ಎಕ್ ಇದನ್ನು 2012ರಲ್ಲಿ ಎತ್ತಿ ತೋರಿಸಿದರು. ಒಂದು ಸಣ್ಣ ಲೆಕ್ಕ ಹಾಕಿ ನೋಡಬಹುದು. ಒಬ್ಬರಿಗೆ 6 ಪ್ರಬಂಧ, ಪ್ರತಿಯೊಂದಕ್ಕೂ 6 ಉಲ್ಲೇಖ, ಸೂಚ್ಯಂಕ 6. ಇನ್ನೊಬ್ಬರಿಗೆ 5 ಪ್ರಬಂಧ, ಪ್ರತಿಯೊಂದಕ್ಕೂ 10 ಉಲ್ಲೇಖ, ಸೂಚ್ಯಂಕ 5. ಈಗ ಇಬ್ಬರೂ ತಲಾ 10 ಉಲ್ಲೇಖ ಪಡೆದ 3 ಹೊಸ ಪ್ರಬಂಧಗಳನ್ನು ಸೇರಿಸಿದರು ಎನ್ನೋಣ. ಮೊದಲನೆಯವರ ಸೂಚ್ಯಂಕ 6ರಲ್ಲೇ ನಿಲ್ಲುತ್ತದೆ, ಎರಡನೆಯವರದು 8ಕ್ಕೆ ಏರುತ್ತದೆ. ಇಬ್ಬರ ಹೊಸ ಸಾಧನೆ ಒಂದೇ, ಆದರೆ ಮೇಲಿದ್ದವರು ಕೆಳಗೆ ಬಂದರು. ಸಮಾನ ಕೆಲಸಕ್ಕೆ ಸಮಾನ ಫಲ ಕೊಡಲಾಗದ ಅಳತೆಯಿಂದ ಇಬ್ಬರು ಅಭ್ಯರ್ಥಿಗಳ ನಡುವೆ ತೀರ್ಮಾನ ಮಾಡುವುದು ನ್ಯಾಯವಲ್ಲ. ಇದರ ಜೊತೆಗೆ, ಸೂಚ್ಯಂಕ ವಯಸ್ಸಿನೊಡನೆ ಏರುತ್ತದೆಯೇ ಹೊರತು ಎಂದೂ ಇಳಿಯುವುದಿಲ್ಲ. ಒಬ್ಬರದೇ ಸೂಚ್ಯಂಕ ಗೂಗಲ್ ಸ್ಕಾಲರ್‌ನಲ್ಲಿ ಒಂದು, ಸ್ಕೋಪಸ್‌ನಲ್ಲಿ ಇನ್ನೊಂದು, ವೆಬ್ ಆಫ್ ಸೈನ್ಸ್‌ನಲ್ಲಿ ಮತ್ತೊಂದು, ಏಕೆಂದರೆ ಯಾವ ಜರ್ನಲ್, ಯಾವ ಪುಸ್ತಕ, ಯಾವ ಭಾಷೆಯ ಬರಹ ಲೆಕ್ಕಕ್ಕೆ ಬರಬೇಕು ಎಂಬ ನಿರ್ಧಾರ ಒಂದೊಂದರಲ್ಲಿ ಒಂದೊಂದು ಬಗೆ.

ಯಾರ ಕೆಲಸ ಎಂಬುದೇ ಮಸುಕಾಗಿರುವಾಗ ಲೆಕ್ಕ ಇನ್ನಷ್ಟು ಜಾರುತ್ತದೆ. ಹಿಗ್ಸ್ ಕಣದ ದ್ರವ್ಯರಾಶಿಯನ್ನು ಅಳೆದ 2015ರ ಪ್ರಬಂಧಕ್ಕೆ 5,154 ಲೇಖಕರಿದ್ದಾರೆ. 33 ಪುಟಗಳಲ್ಲಿ 24 ಪುಟ ಹೆಸರು ಮತ್ತು ಸಂಸ್ಥೆಗಳಿಗೇ ಹೋಗಿದೆ. ಅದಕ್ಕೆ ಬಂದ ಪ್ರತಿ ಉಲ್ಲೇಖವೂ 5,154 ಜನರ ಖಾತೆಗೆ ಪೂರ್ತಿಯಾಗಿ ಜಮೆಯಾಗುತ್ತದೆ. ಅಂಥ ಪ್ರಯೋಗಗಳು ಸಾವಿರಾರು ಜನರ ಶ್ರಮದಿಂದಲೇ ನಡೆಯುತ್ತವೆ. ಅವರ ಹೆಸರು ಇರಬೇಕಾದದ್ದು ನ್ಯಾಯ. ಆದರೆ ಆ ಜಮೆಯನ್ನು ಒಬ್ಬಂಟಿಯಾಗಿ ಸಿದ್ಧಾಂತ ಕಟ್ಟುವವರ ಜಮೆಯ ಪಕ್ಕದಲ್ಲಿಟ್ಟು ಹೋಲಿಸುವುದಕ್ಕೆ ಅರ್ಥವಿಲ್ಲ. ವ್ಲಾಡ್ಲೆನ್ ಕೊಲ್ಟುನ್ ಮತ್ತು ಡೇವಿಡ್ ಹಾಫ್ನರ್ 2021ರಲ್ಲಿ ನಡೆಸಿದ ಅಧ್ಯಯನದ ಪ್ರಕಾರ, ಭೌತವಿಜ್ಞಾನಿಗಳ ಎಚ್-ಸೂಚ್ಯಂಕಕ್ಕೂ ಅವರಿಗೆ ತಮ್ಮ ಕ್ಷೇತ್ರದಲ್ಲಿ ಸಿಕ್ಕ ಪ್ರಶಸ್ತಿ, ಗೌರವಗಳಿಗೂ ಹಿಂದೆ ಇದ್ದ ಹೊಂದಾಣಿಕೆ 2019ರ ಹೊತ್ತಿಗೆ ಹೆಚ್ಚುಕಡಿಮೆ ಇಲ್ಲವಾಗಿತ್ತು. ದೊಡ್ಡ ಸಂಖ್ಯೆಯ ಸಹಲೇಖಕರಿರುವ ಪ್ರಬಂಧಗಳು ಹೆಚ್ಚಿದ್ದು ಇದಕ್ಕೆ ಮುಖ್ಯ ಕಾರಣವೆಂದು ಅವರು ಗುರುತಿಸಿದರು. ಹೆಂಗಸರು–ಗಂಡಸರ ನಡುವಿನ ಅಂತರವೂ ಈ ಲೆಕ್ಕದಲ್ಲಿ ಅಡಗಿದೆ. ಜೆಸ್ಟೋರ್ ಸಂಗ್ರಹದ ಸುಮಾರು 15 ಲಕ್ಷ ಪ್ರಬಂಧಗಳನ್ನು ನೋಡಿದ ಅಧ್ಯಯನವೊಂದು, ಗಂಡಸರು ತಮ್ಮ ಪ್ರಬಂಧಗಳನ್ನು ತಾವೇ ಉಲ್ಲೇಖಿಸಿಕೊಳ್ಳುವುದು ಹೆಂಗಸರಿಗಿಂತ ಶೇ 56ರಷ್ಟು ಹೆಚ್ಚು ಎಂದು ಕಂಡುಕೊಂಡಿತು.

ಕಾಲದ ವಿಷಯಕ್ಕೆ ಬಂದರೆ, ಬೆಂಗಳೂರಿನಲ್ಲೇ ನಡೆದ ಒಂದು ಪ್ರಸಂಗ ಬೇರೆಲ್ಲ ಉದಾಹರಣೆಗಳಿಗಿಂತ ಸ್ಪಷ್ಟವಾಗಿದೆ. ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ 1956ರಲ್ಲಿ, ತಮ್ಮ 22ನೆಯ ವಯಸ್ಸಿನಲ್ಲಿ, ಧ್ರುವೀಕೃತ ಬೆಳಕಿನ ವ್ಯತಿಕರಣದ ಬಗ್ಗೆ ಒಂದು ಪ್ರಬಂಧ ಬರೆದರು. ಅದು ಪ್ರಕಟವಾದದ್ದು ಭಾರತೀಯ ವಿಜ್ಞಾನ ಅಕಾಡೆಮಿಯ ಪ್ರೊಸೀಡಿಂಗ್ಸ್‌ನಲ್ಲಿ. ಬೆಳಕಿನ ಧ್ರುವೀಕರಣ ಹಲವು ಸ್ಥಿತಿಗಳ ಮೂಲಕ ಸುತ್ತಿ ಮೊದಲ ಸ್ಥಿತಿಗೇ ಮರಳಿದಾಗ, ಆ ಸುತ್ತಿನ ಜ್ಯಾಮಿತಿಯಿಂದಲೇ ಒಂದು ಹೆಚ್ಚುವರಿ ಪ್ರಾವಸ್ಥೆ ಸೇರಿಕೊಳ್ಳುತ್ತದೆ ಎಂಬುದು ಅದರ ತಿರುಳು. ಮೂರು ದಶಕ ಅದನ್ನು ಗಮನಿಸಿದವರು ಬಹಳ ಕಡಿಮೆ. ಪಂಚರತ್ನಂ 1969ರಲ್ಲಿ, 35ನೆಯ ವಯಸ್ಸಿಗೇ ತೀರಿಕೊಂಡರು. 1984ರಲ್ಲಿ ಬ್ರಿಟನ್ನಿನ ಮೈಕೆಲ್ ಬೆರಿ ಕ್ವಾಂಟಂ ವ್ಯವಸ್ಥೆಗಳಲ್ಲಿ ಜ್ಯಾಮಿತೀಯ ಪ್ರಾವಸ್ಥೆಯನ್ನು ನಿರೂಪಿಸಿದ ಮೇಲೆ, ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ 1986ರಲ್ಲಿ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ, ಇದರ ಮುನ್ನೋಟ ಪಂಚರತ್ನಂ ಅವರ ಪ್ರಬಂಧದಲ್ಲೇ ಇದೆ ಎಂದು ತೋರಿಸಿದರು. ಮರುವರ್ಷ ಬೆರಿಯವರೇ ಪಂಚರತ್ನಂ ಕೆಲಸವನ್ನು ವಿವರಿಸಿ ಲೇಖನ ಬರೆದರು. ಇಂದು ಪಂಚರತ್ನಂ–ಬೆರಿ ಪ್ರಾವಸ್ಥೆ ದ್ಯುತಿವಿಜ್ಞಾನದ ಮೂಲಭೂತ ಕಲ್ಪನೆಗಳಲ್ಲಿ ಒಂದು. ಇಲ್ಲಿ ಗಮನಿಸಬೇಕಾದ್ದು ಇಷ್ಟು: ಆ ಕೆಲಸದ ಬೆಲೆಯನ್ನು ಹೊರಗೆ ತಂದದ್ದು ಹಳೆಯ ಪ್ರಬಂಧವನ್ನು ತೆರೆದು ಓದಿದ ಇಬ್ಬರು ವಿಜ್ಞಾನಿಗಳು. ಉಲ್ಲೇಖಗಳು ಆಮೇಲೆ ಬಂದವು. ಬದುಕಿದ್ದಾಗ ಬಡ್ತಿಗೆ ಉಲ್ಲೇಖದ ಅಂಕವೊಂದೇ ಆಧಾರವಾಗಿದ್ದರೆ ಅವರ ಪರವಾಗಿ ಅದು ಒಂದು ಮಾತನ್ನೂ ಆಡುತ್ತಿರಲಿಲ್ಲ. ನೊಬೆಲ್ ಬಂದ 2013ರಲ್ಲಿ ಪೀಟರ್ ಹಿಗ್ಸ್, ಇಂದಿನ ವ್ಯವಸ್ಥೆಯಲ್ಲಿ ತಮಗೆ ವಿಶ್ವವಿದ್ಯಾಲಯದ ಕೆಲಸ ಸಿಗುತ್ತಿರಲಿಲ್ಲ ಎಂದು ಹೇಳಿದ್ದೂ ಇದೇ ಅರ್ಥದಲ್ಲಿ.

ಕಾಲದಂತೆ ನೆಲವೂ ಲೆಕ್ಕವನ್ನು ಬಾಗಿಸುತ್ತದೆ. ಒಂದು ಪ್ರಬಂಧಕ್ಕೆ ಎಷ್ಟು ಉಲ್ಲೇಖ ಬರಬಹುದು ಎಂಬುದಕ್ಕೆ ಆ ವಿಷಯದ ಮೇಲೆ ದುಡಿಯುವವರ ಸಂಖ್ಯೆಯೇ ಮಿತಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಇಂದಿಗೂ ಮಲೆನಾಡಿನ ಜೀವ ತೆಗೆಯುತ್ತಿದೆ. ಅದನ್ನು ಅಭ್ಯಸಿಸುವವರು ಜಗತ್ತಿನಲ್ಲಿ ಬೆರಳೆಣಿಕೆಯ ತಂಡಗಳು. ಡೆಂಗಿಯ ಮೇಲೆ ಅಷ್ಟೇ ಗುಣಮಟ್ಟದ ಕೆಲಸ ಮಾಡಿದವರಿಗೆ ಸಿಗುವ ಉಲ್ಲೇಖಗಳ ಒಂದು ಪಾಲೂ ಮಂಗನ ಕಾಯಿಲೆಯ ಸಂಶೋಧಕರಿಗೆ ಸಿಗಲಾರದು. ಇನ್ನೊಂದು ಉದಾಹರಣೆ ಮಂಡ್ಯದ್ದು. ಅಲ್ಲಿನ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿ ತಳಿಗಳನ್ನು ಸಂಕರಿಸಿ 'ಇಂಡಾಫ್' ತಳಿಗಳನ್ನು ಕೊಟ್ಟರು. ರಾಗಿಯ ಹೂವು ತೀರಾ ಸಣ್ಣದು. ಅದರಲ್ಲಿ ಸಂಕರ ಮಾಡಿಸುವುದೇ ದೊಡ್ಡ ಸವಾಲು. ಹಳೆ ಮೈಸೂರು ಸೀಮೆಯ ರೈತರು ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಆ ಸಂಶೋಧನೆಯ ಫಲ ಹೊಲದಲ್ಲಿ ಬಿತ್ತನೆಯಾಗಿ, ಕಣದಲ್ಲಿ ರಾಶಿಯಾಯಿತೇ ಹೊರತು ವಿದೇಶಿ ಜರ್ನಲ್‌ಗಳ ಅಡಿಟಿಪ್ಪಣಿಗಳಲ್ಲಿ ಅಲ್ಲ. ಉಲ್ಲೇಖವನ್ನೇ ನೆಚ್ಚಿಕೊಂಡ ವ್ಯವಸ್ಥೆ ಒಬ್ಬ ಯುವ ವಿಜ್ಞಾನಿಗೆ ಸದ್ದಿಲ್ಲದೆ ಹೇಳಿಕೊಡುವ ಪಾಠ ಏನೆಂದರೆ, ನಿನ್ನ ಊರಿನ ರೋಗ, ನಿನ್ನ ಊರಿನ ಬೆಳೆ, ನಿನ್ನ ಭಾಷೆಯ ಓದುಗ ಇವುಗಳಿಂದ ದೂರ ಇದ್ದಷ್ಟೂ ಒಳ್ಳೆಯದು ಎಂದು. ತೆರಿಗೆ ಕಟ್ಟುವ ಜನರ ಹಣದಿಂದ ನಡೆಯುವ ವಿಜ್ಞಾನಕ್ಕೆ ಇದಕ್ಕಿಂತ ದೊಡ್ಡ ನಷ್ಟವಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಎಲ್ಲರೂ ಪ್ರಾಮಾಣಿಕರಾಗಿದ್ದಾಗಿನ ಮಾತು. ಒಂದು ಅಳತೆ ಗುರಿಯಾಗಿ ಮಾರ್ಪಟ್ಟರೆ ಅದು ಅಳತೆಯಾಗಿ ಉಳಿಯುವುದಿಲ್ಲ ಎಂಬ ತಿಳಿವಳಿಕೆಗೆ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರ ಹೆಸರಿದೆ. ಉಲ್ಲೇಖದ ಲೋಕ ಅದಕ್ಕೆ ಹೇರಳ ಸಾಕ್ಷ್ಯ ಒದಗಿಸಿದೆ. ಫ್ರಾನ್ಸಿನ ಸಿರಿಲ್ ಲಾಬೆ 2010ರಲ್ಲಿ, ಅರ್ಥವಿಲ್ಲದ ಪ್ರಬಂಧಗಳನ್ನು ಬರೆಯುವ ಕಂಪ್ಯೂಟರ್ ಪ್ರೋಗ್ರಾಂ ಬಳಸಿ, ಐಕ್ ಆಂಟ್‌ಕೇರ್ ಎಂಬ ಇಲ್ಲದ ವಿಜ್ಞಾನಿಗೆ ಗೂಗಲ್ ಸ್ಕಾಲರ್‌ನಲ್ಲಿ 94ರ ಎಚ್-ಸೂಚ್ಯಂಕ ಕೊಡಿಸಿ ತೋರಿಸಿದರು. ಸ್ಪೇನಿನ ಸಂಶೋಧಕರು ಕೇವಲ 6 ನಕಲಿ ದಾಖಲೆಗಳನ್ನು ವಿಶ್ವವಿದ್ಯಾಲಯದ ಜಾಲತಾಣಕ್ಕೆ ಏರಿಸಿ 774 ಉಲ್ಲೇಖಗಳನ್ನು ಹುಟ್ಟಿಸಿದರು. ಇವು ಪರೀಕ್ಷೆಗಳು. ನಿಜ ಜೀವನದ ಪರಿಣಾಮ ಇಟಲಿಯಲ್ಲಿ ಕಂಡಿತು. ಅಲ್ಲಿ 2010ರ ಸುಧಾರಣೆಯ ನಂತರ ಪ್ರಾಧ್ಯಾಪಕ ಹುದ್ದೆಯ ಅರ್ಹತೆಗೆ ಉಲ್ಲೇಖದ ಮಿತಿಗಳನ್ನು ಕಾನೂನಿನಿಂದಲೇ ಗೊತ್ತುಮಾಡಿದರು. ಆಲ್ಬರ್ಟೊ ಬಾಚ್ಚಿನಿ ಮತ್ತು ಸಂಗಡಿಗರು 2019ರಲ್ಲಿ ತೋರಿಸಿದಂತೆ, ಆಮೇಲೆ ಇಟಲಿಯ ಪ್ರಬಂಧಗಳಿಗೆ ಇಟಲಿಯಿಂದಲೇ ಬರುವ ಉಲ್ಲೇಖಗಳ ಪಾಲು ಬೇರೆ ಮುಂದುವರಿದ ದೇಶಗಳಲ್ಲಿ ಕಾಣದಷ್ಟು ಏರಿತು. ತಮ್ಮನ್ನು ತಾವೇ ಉಲ್ಲೇಖಿಸಿಕೊಳ್ಳುವುದು, ಗುಂಪು ಕಟ್ಟಿ ಪರಸ್ಪರ ಉಲ್ಲೇಖಿಸುವುದು ಇದಕ್ಕೆ ಕಾರಣವೆಂದು ಅವರು ವಿವರಿಸಿದರು. ಉಲ್ಲೇಖದ ದೊಡ್ಡ ವ್ಯಾಪಾರಿ ಸಂಸ್ಥೆಯಾದ ಕ್ಲಾರಿವೇಟ್ 2023ರ ತನ್ನ ಅತ್ಯಧಿಕ ಉಲ್ಲೇಖಿತರ ಪಟ್ಟಿಯಿಂದ ಗಣಿತ ವಿಭಾಗವನ್ನೇ ಕೈಬಿಡಬೇಕಾಯಿತು. ಗಣಿತದಲ್ಲಿ ಉಲ್ಲೇಖಗಳು ಮೊದಲೇ ಕಡಿಮೆ, ಆದ್ದರಿಂದ ಸಣ್ಣ ಕೂಟವೊಂದು ಪಟ್ಟಿಯನ್ನು ತಿರುಚುವುದು ಅಲ್ಲಿ ಸುಲಭ.

ನಮ್ಮ ದೇಶದ ಅನುಭವವೂ ಬೇರೆಯಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2010ರಲ್ಲಿ ಅಧ್ಯಾಪಕರ ಸಾಧನೆ ಅಳೆಯುವ ಎಪಿಐ ಅಂಕಪದ್ಧತಿ ತಂದ ಮೇಲೆ ಕಾಲೇಜು ಅಧ್ಯಾಪಕರಿಗೂ ಪ್ರಬಂಧಗಳ ಸಂಖ್ಯೆ ಬಡ್ತಿಯ ಮೆಟ್ಟಿಲಾಯಿತು. ಪ್ರಯೋಗಾಲಯವಿಲ್ಲದ, ಜರ್ನಲ್‌ಗಳ ಚಂದಾ ಇಲ್ಲದ, ವಾರಪೂರ್ತಿ ಪಾಠದ ಹೊರೆ ಇರುವ ಕಡೆಯೂ ಪ್ರಬಂಧ ಹುಟ್ಟಲೇಬೇಕಾಯಿತು. ಹಣ ಪಡೆದು ಏನನ್ನಾದರೂ ಅಚ್ಚು ಹಾಕುವ ಜರ್ನಲ್‌ಗಳು ಆ ಬೇಡಿಕೆಯ ಮೇಲೆ ಬೆಳೆದವು. ಯುಜಿಸಿಯ ಒಪ್ಪಿತ ಪಟ್ಟಿಯಲ್ಲಿ ವಿಶ್ವವಿದ್ಯಾಲಯಗಳೇ ಶಿಫಾರಸು ಮಾಡಿದ್ದ 1,009 ಜರ್ನಲ್‌ಗಳನ್ನು ಪರಿಶೀಲಿಸಿದ ತಂಡವೊಂದು 2018ರಲ್ಲಿ 'ಕರೆಂಟ್ ಸೈನ್ಸ್'ನಲ್ಲಿ ವರದಿ ಮಾಡಿತು: ಶೇ 88ಕ್ಕೂ ಹೆಚ್ಚು ಜರ್ನಲ್‌ಗಳು ಕಳಪೆ ಎನ್ನಲು ಕಾರಣಗಳಿದ್ದವು. ಆ ಅಧ್ಯಾಪಕರನ್ನು ಮಾತ್ರ ದೂರುವುದು ಸರಿಯಲ್ಲ. ಕಳಪೆ ಎಣಿಕೆಗೆ ಸಂಬಳ ಕಟ್ಟಿಹಾಕಿದ ನಿಯಮವೇ ಕಳಪೆ ಬರಹವನ್ನು ಬೇಡಿ ಪಡೆಯಿತು.

ಇನ್ನು ಎಣಿಕೆಯ ಪರವಾದ ವಾದಗಳನ್ನು ನೋಡಬೇಕು, ಅವು ಹಗುರವಾದವಲ್ಲ. ಎಲ್ಲಕ್ಕಿಂತ ಬಲವಾದದ್ದು ಇದು: ಅಂಕ ಬೇಡವೆಂದರೆ ಉಳಿಯುವುದು ಸಮಿತಿ, ಸಮಿತಿ ಎಂದರೆ ಶಿಫಾರಸು, ಜಾತಿ, ಗುರುಶಿಷ್ಯರ ಬಣ, ಮೇಲಿನಿಂದ ಬರುವ ಫೋನು. ಯಾರ ಬೆಂಬಲವೂ ಇಲ್ಲದ ಹಳ್ಳಿಯ ಹುಡುಗಿಗೆ 'ನೋಡಿ, ನನ್ನ ಕೆಲಸವನ್ನು ಜಗತ್ತು ಇಷ್ಟು ಬಾರಿ ಉಲ್ಲೇಖಿಸಿದೆ' ಎಂದು ಹೇಳಲು ಆ ಸಂಖ್ಯೆಯೊಂದೇ ಆಸರೆ. ನಮ್ಮ ನೇಮಕಾತಿಗಳ ಚರಿತ್ರೆ ಬಲ್ಲ ಯಾರೂ ಈ ಮಾತನ್ನು ತಳ್ಳಿಹಾಕಲಾರರು. ಸಮಿತಿಗಳ ಪಕ್ಷಪಾತಕ್ಕೆ ಜಗತ್ತಿನ ಅತ್ಯಂತ ಪ್ರಸಿದ್ಧ ಪುರಾವೆ ಸ್ವೀಡನ್ನಿನದು. ಕ್ರಿಸ್ಟೀನ್ ವೆನರೋಸ್ ಮತ್ತು ಅಗ್ನೆಸ್ ವೋಲ್ಡ್ ಎಂಬ ಇಬ್ಬರು ವಿಜ್ಞಾನಿಗಳು ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಳಿಯ 1995ರ ಫೆಲೋಶಿಪ್ ಆಯ್ಕೆಯ ಗುಪ್ತ ಅಂಕಪಟ್ಟಿಗಳನ್ನು ನ್ಯಾಯಾಲಯದ ಮೂಲಕ ಹೊರತೆಗೆಸಿದರು. 114 ಅರ್ಜಿದಾರರಲ್ಲಿ 52 ಮಂದಿ ಹೆಂಗಸರಿದ್ದರು, ಆಯ್ಕೆಯಾದ 20 ಮಂದಿಯಲ್ಲಿ ಹೆಂಗಸರು 4. ಗಂಡಸಿನಷ್ಟೇ ಅಂಕ ಪಡೆಯಲು ಹೆಣ್ಣು 2.5 ಪಟ್ಟು ಹೆಚ್ಚು ಸಾಧನೆ ತೋರಿಸಬೇಕಿತ್ತು ಎಂದು ಅವರು 1997ರಲ್ಲಿ 'ನೇಚರ್'ನಲ್ಲಿ ಪ್ರಕಟಿಸಿದರು. ಆ ಸಾಧನೆಯನ್ನು ಅವರು ಅಳೆದದ್ದು ಪ್ರಬಂಧ, ಇಂಪ್ಯಾಕ್ಟ್ ಫ್ಯಾಕ್ಟರ್, ಉಲ್ಲೇಖಗಳ ಲೆಕ್ಕದಿಂದಲೇ.

ಈ ಪ್ರಸಂಗವನ್ನು ಎಣಿಕೆಯ ಪರವಾದಿಗಳು ತಮ್ಮ ಗೆಲುವೆಂದು ಹೇಳಿಕೊಳ್ಳಬಹುದು. ಅದನ್ನು ಸರಿಯಾಗಿ ಓದಿದರೆ ಎಣಿಕೆಗೆ ತಕ್ಕ ಜಾಗ ಯಾವುದು ಎಂಬುದು ಅಲ್ಲೇ ಸಿಗುತ್ತದೆ. ವೆನರೋಸ್ ಮತ್ತು ವೋಲ್ಡ್ ಉಲ್ಲೇಖದ ಅಂಕದಿಂದ ಯಾವ ಅರ್ಜಿದಾರಳಿಗೂ ಸ್ಥಾನ ಕೊಡಲಿಲ್ಲ. ನೂರಕ್ಕೂ ಹೆಚ್ಚು ಜನರ ಗುಂಪಿನ ಮೇಲೆ ಸಮಿತಿಯ ನಡೆಯನ್ನು ಒರೆಗೆ ಹಚ್ಚಿದರು. ಗುಂಪಿನಲ್ಲಿ ಒಬ್ಬೊಬ್ಬರ ಅಂಕದ ತಪ್ಪುಗಳು ಒಂದನ್ನೊಂದು ಸರಿದೂಗಿಸಿಕೊಳ್ಳುತ್ತವೆ, ಒಲವು ಎತ್ತ ಎಂಬುದು ಮೇಲೆ ತೇಲುತ್ತದೆ. ಪಕ್ಷಪಾತಿ ಸಮಿತಿಯ ಕೈಗೆ ಅಂಕ ಕೊಟ್ಟರೆ, ತನಗೆ ಬೇಕಾದವರಿಗೆ ಅಂಕ ಹೆಚ್ಚಿದ್ದಾಗ ಅದು ಅಂಕದ ಮಾತಾಡುತ್ತದೆ, ಇಲ್ಲದಿದ್ದಾಗ ಸಂದರ್ಶನದ ಮಾತಾಡುತ್ತದೆ. ಅಂಕ ಅಲ್ಲಿ ಅನ್ಯಾಯವನ್ನು ತಡೆಯುವ ಬದಲು ಅದಕ್ಕೆ ಹೊದಿಕೆಯಾಗುತ್ತದೆ. ಹಳ್ಳಿಯಿಂದ ಬಂದ ಹುಡುಗಿಗೆ ನಿಜವಾದ ರಕ್ಷಣೆ ಬೇಕಿದ್ದರೆ, ಆಕೆಯ ಪ್ರಬಂಧವನ್ನು ಯಾರು ಓದಿದರು, ಓದಿ ಏನು ಬರೆದರು ಎಂಬ ದಾಖಲೆ ಆಕೆಯ ಕೈಗೆ ಸಿಗಬೇಕು. ಆ ಸಮಿತಿಯ ಹತ್ತು ವರ್ಷಗಳ ಆಯ್ಕೆಗಳನ್ನು ಹೊರಗಿನವರು ಸಂಖ್ಯೆಗಳಿಂದ ಪರೀಕ್ಷಿಸುವಂತಿರಬೇಕು.

ಎರಡನೆಯ ವಾದ, ಕೆಟ್ಟದ್ದು ಹಳೆಯ ಅಂಕಗಳು ಮಾತ್ರ, ಹೊಸ ಅಂಕಗಳು ದೋಷಗಳನ್ನು ತಿದ್ದಿಕೊಂಡಿವೆ ಎಂಬುದು. ಇದರಲ್ಲಿ ನಿಜವಿದೆ. ಕ್ಷೇತ್ರಕ್ಕೆ ತಕ್ಕಂತೆ ಸರಿಹೊಂದಿಸುವ ವಿಧಾನಗಳು ಗಣಿತಜ್ಞರನ್ನು ಕೋಶವಿಜ್ಞಾನಿಗಳ ಜೊತೆ ಹೋಲಿಸುವ ಅನ್ಯಾಯವನ್ನು ಕಡಿಮೆ ಮಾಡಿವೆ. ಅಯೊನಿಡಿಸ್ ಪಟ್ಟಿ ಸ್ವ-ಉಲ್ಲೇಖಗಳನ್ನು ಕಳೆದು ನೋಡುವ ಅವಕಾಶವನ್ನೂ ಕೊಡುತ್ತದೆ. ಆದರೆ ಪ್ರತಿ ತಿದ್ದುಪಡಿಯೂ ಹೊಸ ಊಹೆಯೊಂದನ್ನು ತರುತ್ತದೆ. ಅದೇ ಪಟ್ಟಿ ಮೊದಲ ಮತ್ತು ಕೊನೆಯ ಲೇಖಕರಿಗೆ ಹೆಚ್ಚಿನ ತೂಕ ಕೊಡುತ್ತದೆ. ವೈದ್ಯಕೀಯದಲ್ಲಿ ಮೊದಲನೆಯವರು ಕೆಲಸ ಮಾಡಿದವರು, ಕೊನೆಯವರು ಪ್ರಯೋಗಾಲಯದ ಮುಖ್ಯಸ್ಥರು ಎಂಬ ವಾಡಿಕೆ ಇರುವುದರಿಂದ ಅಲ್ಲಿ ಅದು ಹೊಂದುತ್ತದೆ. ಗಣಿತದಲ್ಲಿ ಹೆಸರುಗಳನ್ನು ಸಾಮಾನ್ಯವಾಗಿ ಅಕ್ಷರಾನುಕ್ರಮದಲ್ಲಿ ಹಾಕುತ್ತಾರೆ. ಅಲ್ಲಿ ಆ ತೂಕ ಸಿಗುವುದು ಹೆಸರಿನ ಮೊದಲಕ್ಷರಕ್ಕೆ. ಖಂಡನೆಯ ಉಲ್ಲೇಖವೋ ಮೆಚ್ಚುಗೆಯದೋ, ಊರಿನ ರೋಗವೋ ಜಗತ್ತಿನ ರೋಗವೋ ಎಂಬ ಪ್ರಶ್ನೆಗಳನ್ನು ಈ ಸೂತ್ರಗಳು ಮುಟ್ಟಿಲ್ಲ.

ಮೂರನೆಯದು ವ್ಯಾವಹಾರಿಕ ವಾದ. ಒಂದು ಹುದ್ದೆಗೆ 300 ಅರ್ಜಿ ಬಂದರೆ ಎಲ್ಲವನ್ನೂ ಓದುವವರು ಯಾರು? ಅದಲ್ಲದೆ, ದೊಡ್ಡ ಪ್ರಮಾಣದಲ್ಲಿ ನೋಡಿದಾಗ ಅಂಕವೂ ತಜ್ಞರ ತೀರ್ಮಾನವೂ ಹೊಂದುತ್ತವೆ ಎಂಬ ಸಂಶೋಧನೆಯೂ ಇದೆಯಲ್ಲ? ಹೌದು, ಇದೆ. ವಿನ್ಸೆಂಟ್ ಟ್ರಾಗ್ ಮತ್ತು ಲೂಡೊ ವಾಲ್ಟ್‌ಮನ್ 2019ರಲ್ಲಿ ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಸಂಶೋಧನಾ ಮೌಲ್ಯಮಾಪನದ ಅಂಕಿಅಂಶಗಳನ್ನು ನೋಡಿ, ಭೌತವಿಜ್ಞಾನದಂಥ ಕೆಲವು ಕ್ಷೇತ್ರಗಳಲ್ಲಿ ಇಡೀ ಸಂಸ್ಥೆಯ ಮಟ್ಟದಲ್ಲಿ ಎರಡಕ್ಕೂ ಚೆನ್ನಾಗಿ ಹೊಂದಾಣಿಕೆ ಇದೆ ಎಂದು ಕಂಡುಕೊಂಡರು. ಆದರೆ ಸಂಸ್ಥೆಯ ಮಟ್ಟದ ಹೊಂದಾಣಿಕೆಯಿಂದ ವ್ಯಕ್ತಿಯ ಬಗ್ಗೆ ಏನೂ ಹೇಳಲಾಗದು. ಪ್ರಬಂಧ ಪ್ರಬಂಧವಾಗಿ ಹೋಲಿಸಿದ ಬ್ರಿಟನ್ನಿನದೇ 2015ರ 'ಮೆಟ್ರಿಕ್ ಟೈಡ್' ವರದಿ, ತಜ್ಞರ ಓದಿನ ಜಾಗದಲ್ಲಿ ಯಾವ ಅಂಕವನ್ನೂ ಇಡಲಾಗದು ಎಂದು ತೀರ್ಮಾನಿಸಿತ್ತು. ಅರ್ಜಿಗಳ ರಾಶಿಗೆ ಪರಿಹಾರವೂ ಅಷ್ಟು ದುಬಾರಿಯಲ್ಲ. ಮೊದಲ ಸುತ್ತಿನಲ್ಲಿ ಪ್ರತಿ ಅಭ್ಯರ್ಥಿ ತನ್ನ ಮುಖ್ಯ ಕೆಲಸ ಏನು, ಅದರಿಂದ ಏನು ಬದಲಾಯಿತು ಎಂದು ಒಂದು ಪುಟ ಬರೆದುಕೊಡಲಿ. ವಿಷಯ ಬಲ್ಲವರಿಗೆ ಒಂದು ಪುಟ ಓದಲು ಹತ್ತು ನಿಮಿಷ ಸಾಕು. ಹದಿನೈದು ಮಂದಿ ಉಳಿದ ಮೇಲೆ ಪ್ರಬಂಧಗಳನ್ನೇ ಓದಬಹುದು.

ದಾರಿ ಹೊಸದಾಗಿ ಕಡಿಯಬೇಕಾಗಿಯೂ ಇಲ್ಲ. 2012ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೇರಿದ ಸಂಪಾದಕರು ಮತ್ತು ವಿಜ್ಞಾನಿಗಳು ರೂಪಿಸಿದ 'ಡೋರಾ' ಘೋಷಣೆ, ಜರ್ನಲ್‌ನ ಅಂಕದಿಂದ ವ್ಯಕ್ತಿಯನ್ನು ಅಳೆಯಬಾರದೆಂದು ಹೇಳಿತು. 2015ರ ಲೈಡನ್ ಪ್ರಣಾಳಿಕೆ, ಸ್ಥಳೀಯವಾಗಿ ಮುಖ್ಯವಾದ ಸಂಶೋಧನೆಯನ್ನು ಕಾಪಾಡಬೇಕೆಂಬುದನ್ನೂ ತನ್ನ 10 ಸೂತ್ರಗಳಲ್ಲಿ ಸೇರಿಸಿತು. ಚೀನಾ 2020ರಲ್ಲಿ, ಪ್ರಬಂಧಗಳ ಎಣಿಕೆಗೆ ಬಹುಮಾನ ಕೊಡುವ ಪದ್ಧತಿಯಿಂದ ಹಿಂದೆ ಸರಿಯುವಂತೆ ತನ್ನ ವಿಶ್ವವಿದ್ಯಾಲಯಗಳಿಗೆ ಸೂಚಿಸಿತು. ಭಾರತವೂ ಹಿಂದೆ ಉಳಿದಿರಲಿಲ್ಲ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ವಿಜ್ಞಾನ–ತಂತ್ರಜ್ಞಾನ ಇಲಾಖೆ 2014ರ ತಮ್ಮ ಮುಕ್ತ ಪ್ರವೇಶ ನೀತಿಯಲ್ಲೇ, ನೇಮಕಾತಿ, ಬಡ್ತಿ, ಅನುದಾನಗಳಲ್ಲಿ ಇಂಪ್ಯಾಕ್ಟ್ ಫ್ಯಾಕ್ಟರ್ ಬಳಸುವುದನ್ನು ತಾವು ಶಿಫಾರಸು ಮಾಡುವುದಿಲ್ಲ ಎಂದು ಬರೆದವು. ನೀತಿ ಕಾಗದದಲ್ಲಿ ಉಳಿಯಿತು, ಅರ್ಜಿ ನಮೂನೆ ಬದಲಾಗಲಿಲ್ಲ. ಏಕೆಂದರೆ ಅಂಕದಿಂದ ಆಡಳಿತಕ್ಕೆ ದೊಡ್ಡ ಅನುಕೂಲವಿದೆ: ತೀರ್ಮಾನಕ್ಕೆ ಯಾರೂ ಹೊಣೆಯಾಗಬೇಕಿಲ್ಲ. ನ್ಯಾಯಾಲಯದಲ್ಲಿ ಪ್ರಶ್ನೆ ಬಂದರೆ ಸಂಖ್ಯೆ ತೋರಿಸಿದರೆ ಮುಗಿಯಿತು.

ಆದ್ದರಿಂದ ಬದಲಾವಣೆ ಹೊಣೆಗಾರಿಕೆಯಿಂದಲೇ ಶುರುವಾಗಬೇಕು. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳು ಅರ್ಜಿ ನಮೂನೆಯಿಂದ ಇಂಪ್ಯಾಕ್ಟ್ ಫ್ಯಾಕ್ಟರ್, ಎಚ್-ಸೂಚ್ಯಂಕಗಳ ಕಾಲಂಗಳನ್ನು ತೆಗೆದುಹಾಕಲಿ. ಅಭ್ಯರ್ಥಿಯೇ ಆರಿಸಿಕೊಟ್ಟ ಐದು ಕೃತಿಗಳನ್ನು ಕೇಳಲಿ. ಅದು ಪ್ರಬಂಧವಾಗಿರಬಹುದು, ಬೆಳೆಯ ತಳಿಯಾಗಿರಬಹುದು, ಸಾಫ್ಟ್‌ವೇರ್ ಆಗಿರಬಹುದು, ಕನ್ನಡದಲ್ಲಿ ಬರೆದ ಗ್ರಂಥವೂ ಆಗಿರಬಹುದು. ಹೊರಗಿನ ಮೂವರು ತಜ್ಞರು ಅವನ್ನು ಓದಿ ತಮ್ಮ ಅಭಿಪ್ರಾಯವನ್ನು ಕಾರಣಸಹಿತ ಬರೆದುಕೊಡಲಿ, ಆ ಬರಹ ಅಭ್ಯರ್ಥಿಗೂ ಸಿಗಲಿ. ಐದು ವರ್ಷಕ್ಕೊಮ್ಮೆ ಆಯ್ಕೆಗಳ ಒಟ್ಟು ಚಿತ್ರವನ್ನು ಲಿಂಗ, ಪ್ರದೇಶ, ಓದಿದ ಸಂಸ್ಥೆ, ಮಾರ್ಗದರ್ಶಕರ ಬಣ ಎಂಬ ಎಲ್ಲ ಕೋನಗಳಿಂದಲೂ ಎಣಿಸಿ ಬಹಿರಂಗಪಡಿಸಲಿ. ಉಲ್ಲೇಖದ ಲೆಕ್ಕಕ್ಕೆ ಈ ಕೊನೆಯ ಕೆಲಸದಲ್ಲಿ ಗೌರವದ ಜಾಗವಿದೆ. ಇದಕ್ಕೆ ಸಮಯ ಹಿಡಿಯುತ್ತದೆ, ಓದುವವರಿಗೆ ತಕ್ಕ ಗೌರವಧನವನ್ನೂ ಕೊಡಬೇಕಾಗುತ್ತದೆ. ಆದರೆ ಒಂದು ಪ್ರಾಧ್ಯಾಪಕ ಹುದ್ದೆ ಎಂದರೆ ಮೂವತ್ತು ವರ್ಷಗಳ ಸಾರ್ವಜನಿಕ ಹಣ, ಆ ಮೂವತ್ತು ವರ್ಷ ಅವರ ಕೈಕೆಳಗೆ ಕಲಿಯುವ ಮಕ್ಕಳ ಭವಿಷ್ಯ. ಅಷ್ಟು ದೊಡ್ಡ ತೀರ್ಮಾನಕ್ಕೆ ಐದು ಕೃತಿ ಓದಬಲ್ಲ ಮೂವರನ್ನು ಹುಡುಕಲಾಗದ ವಿಶ್ವವಿದ್ಯಾಲಯಕ್ಕೆ ಆ ಹುದ್ದೆಯನ್ನು ತುಂಬುವ ಯೋಗ್ಯತೆ ಇಲ್ಲ.